ಸೀನೋ ಕೆಮ್ಮೋ: ನಮ್ಮ ಮನೆಯ ಇಂಗ್ಲಿಷ್ ಪ್ಲೇಟಿನ ವಿಚಾರ

ನಮ್ಮ ಮೈದುನ ಆ ಇಂಗ್ಲಿಷ್ ಗ್ರಾಮಫೋನ್ ಪ್ಲೇಟನ್ನು ತಂದದ್ದು ಹಾಡು ಕೇಳುವುದಕ್ಕಲ್ಲ, ಅದರ ರಟ್ಟಿನ ಮೇಲಿದ್ದ ಫೋಟೋ ನೋಡಿ. ಎಪ್ಪತ್ತರ ದಶಕದ ನಡುವಿನ ಮಾತು. ಪಾಂಡವಪುರದಲ್ಲಿ ನಮ್ಮ ಮನೆಯ ಬೀದಿ ಕಡೆಯ ಕೋಣೆಯೇ ಅವನ ಮೈಕ್ ಸೆಟ್ಟಿನ ಅಂಗಡಿ. ಮದುವೆಯಾಗಲಿ, ನಾಟಕವಾಗಲಿ, ಎಲೆಕ್ಷನ್ನಾಗಲಿ, ಹಾರನ್ನುಗಳನ್ನು ತೆಂಗಿನ ಮರದ ಮೇಲೆ ಕಟ್ಟಿ, ಕೆಳಗೆ ಮೇಜಿನ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು ಕೂತುಬಿಟ್ಟರೆ ಅವನಿಗೆ ಅನ್ನ ನೀರಿನ ಯೋಚನೆ ಇರುತ್ತಿರಲಿಲ್ಲ. ಆ ಯೋಚನೆ ಹೇಗೂ ಮನೆಯ ಹಿರೀ ಸೊಸೆಯಾದ ನನ್ನದಾಗಿತ್ತು.

ಒಂದು ಸಲ ಆಂಪ್ಲಿಫೈಯರ್ ರಿಪೇರಿಗೆಂದು ಮೈಸೂರಿಗೆ ಹೋದವನು ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಈ ಪ್ಲೇಟು ಕಂಡು, ಬಗಲಲ್ಲಿ ಇರುಕಿಕೊಂಡು ಬಂದ. ರಟ್ಟಿನ ಮೇಲೆ ಗಡ್ಡ ಬಿಟ್ಟು, ಹೆಗಲ ತನಕ ಕೂದಲು ಇಳಿಬಿಟ್ಟ ನಾಲ್ಕು ಜನ ಗಂಡಸರಿದ್ದರು. ಅವರ ಬೆನ್ನ ಹಿಂದೆ ಆಳೆತ್ತರ ಮೀರಿ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು.

"ನೋಡತ್ಗೆ, ಪೆಟ್ಗೆ ನೋಡು. ಉಲ್ಲಿನ ಮೆದೆ ಒಟ್ದಂಗೆ ಒಟ್ಟವ್ರೆ" ಎಂದ. ಊರು ಬಿಟ್ಟ ನೆಂಟನೊಬ್ಬ ಆಸ್ತಿ ಮಾಡಿದ್ದನ್ನು ಕಂಡವನ ಹಾಗೆ ಅವನ ಮುಖ ಅರಳಿತ್ತು.

ನಮ್ಮತ್ತೆ ಬಂದು, ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಪಾಪ, ಇಷ್ಟೊಂದು ಗಡ್ಡ, ಕೂದ್ಲು. ತಿರುಪ್ತಿಗೆ ಅರಕೆ ಒತ್ತವ್ರೇನ್ಲಾ?"

"ಅರ್ಕೆ ಅಲ್ಲ ಕಣವ್ವ, ಅವ್ರು ಇರಾದೇ ಅಂಗೆ."

"ಮನೇಲಿ ಯೇಳೋರು ಕೇಳೋರು ಇಲ್ಲ ಅನ್ನು" ಎಂದು ರಟ್ಟನ್ನು ನನ್ನ ಕೈಗೆ ಕೊಟ್ಟು ಕೊಟ್ಟಿಗೆ ಕಡೆಗೆ ಹೋದರು.

ನಮ್ಮ ಹಿಂದಿನ ಕೋಣೆಯಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು ಬಾಡಿಗೆಗಿದ್ದರು. ಮೈಸೂರಿನವರು, ಮದುವೆಯಾಗಿರಲಿಲ್ಲ. ಇಂಗ್ಲಿಷ್ ಪೇಪರು ತರಿಸುತ್ತಿದ್ದರು. ಅವರು ರಟ್ಟನ್ನು ತಿರುಗಿಸಿ ಮುರುಗಿಸಿ ಓದಿ, ಇದು ರಾಕ್ ಸಂಗೀತವೆಂದೂ, ಸ್ಟುಡಿಯೋದೊಳಗೆ ಬಾಗಿಲು ಹಾಕಿಕೊಂಡು ಹಾಡಿದ್ದಲ್ಲ, ಸಾವಿರಾರು ಜನರೆದುರು ಹಾಡುವಾಗಲೇ ಹಿಡಿದದ್ದೆಂದೂ ವಿವರಿಸಿದರು. ಜನದ ಗದ್ದಲವೂ ಪ್ಲೇಟಿನಲ್ಲೇ ಇರುತ್ತದೆ, ಅದೇ ಇದರ ದೊಡ್ಡಸ್ತಿಕೆ ಎಂದರು.

ನಮ್ಮತ್ತೆಗೆ ಇದರಲ್ಲಿ ದೊಡ್ಡಸ್ತಿಕೆ ಏನೂ ಕಾಣಲಿಲ್ಲ. "ನಮ್ಮೂರ್ನಾಗೂ ನಾಟ್ಕದೋರು ಜನದ ಮುಂದೇನೇ ಆಡಾದು. ಇನ್ನೆಲ್ಲಿ ಆಡ್ತಾರೆ, ಕೊಟ್ಗೇಲಾ?"

ಹೀಗೆ ಶುರುವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬ್ಯಾಂಕಿನವರು ಬರುತ್ತಿದ್ದರು. ಶೀಳನೆರೆ ಕಡೆಯಿಂದ ಹಳ್ಳಿ ಹಳ್ಳಿಗೆ ನಾಟಕ ಕಲಿಸಲು ಓಡಾಡುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಬಸ್ಸಿಗೆ ಕಾಯುವ ನೆವದಲ್ಲಿ ಬಂದು ಕೂರುತ್ತಿದ್ದರು. ಅವರು ಕಾಯುತ್ತಿದ್ದ ಬಸ್ಸು ಹೊರಟುಹೋದ ಮೇಲೂ ಕಾಯುತ್ತಿದ್ದರು. ಮೈದುನ ಪ್ಲೇಟಿನ ದೂಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮುಳ್ಳು ಇಡುತ್ತಿದ್ದ. ನಾನು ಒಳಗೆ ಮುದ್ದೆ ತೊಳಸುತ್ತಾ, ಅವರೆಕಾಳು ಹಿಸುಕುತ್ತಾ, ಅವರ ಕಾಫಿ ಲೋಟ ತುಂಬಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಬೇಡವೆಂದರೂ ಕೇಳಿಸುತ್ತಿತ್ತು. ಅವನು ಸಣ್ಣಗೆ ಹಾಕಿದರೂ ಅಟ್ಟದ ಮೇಲಿನ ಡಬ್ಬಿಗಳು ತಾಳ ಹಾಕುತ್ತಿದ್ದವು.

ಮೂವರಿಗೂ ಮೂರು ಅಭಿಪ್ರಾಯ. ಬ್ಯಾಂಕಿನವರ ಪ್ರಕಾರ ಇದೇ ಹಾಡುಗಳು ಸ್ಟುಡಿಯೋದ ಪ್ಲೇಟಿನಲ್ಲಿ ಸಪ್ಪೆ, ಇಲ್ಲಿ ಜೀವಂತ. ಸ್ಟುಡಿಯೋದ ಪ್ಲೇಟನ್ನು ಅವರು ಕೇಳಿರಲಿಲ್ಲ. ಮೈದುನ ಈ ಮಾತನ್ನು ಒಪ್ಪುತ್ತಿರಲಿಲ್ಲ, ಅದರಲ್ಲಿ ಸೌಂಡು ಇನ್ನೂ ಕ್ಲೀನಾಗಿರುತ್ತೆ ಎನ್ನುತ್ತಿದ್ದ. ಅವನೂ ಕೇಳಿರಲಿಲ್ಲ. ಯಾರೂ ಕೇಳಿರದ ಒಂದು ಪ್ಲೇಟಿನ ಮೇಲೆ ಇಬ್ಬರೂ ಕಾಫಿ ಆರಿಹೋಗುವ ತನಕ ಜಗಳವಾಡುತ್ತಿದ್ದರು. ಮೇಷ್ಟ್ರದು ಒಂದೇ ಆಕ್ಷೇಪಣೆ, ಹಾಡುಗಾರ ಶ್ರುತಿ ಸೇರಿಲ್ಲ ಎಂದು. "ಕೀಚಕನ ಪಾರ್ಟಿಗೆ ಪರ್ವಾಗಿಲ್ಲ. ಕೃಷ್ಣನ ಪಾರ್ಟು ಕೊಡಾಕಾಗಲ್ಲ" ಎಂದು ತೀರ್ಪು ಕೊಟ್ಟಿದ್ದರು.

ಹಾಡು ಹಾಡಿನ ನಡುವೆ ಹಾಡುಗಾರ ಜನರೊಂದಿಗೆ ಏನೋ ಮಾತಾಡುತ್ತಿದ್ದ. ಬ್ಯಾಂಕಿನವರು ಅದನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. "ಮನುಷ್ಯ ಒಂಟಿ, ಲೋಕ ಒಂದು ಸಂತೆ, ಅಂತಿದಾನೆ." ಅವನು ಎರಡು ಮಾತಾಡಿದರೆ ಇವರದು ಇಪ್ಪತ್ತಾಗುತ್ತಿತ್ತು. ನನಗೆ ಬಾಗಿಲ ಸಂದಿಯಿಂದ ಸ್ಪಷ್ಟವಾಗಿ ಕೇಳಿಸುತ್ತಿದ್ದದ್ದು ಥ್ಯಾಂಕ್ಯೂ ಒಂದೇ.

ಆದರೆ ಇವೆಲ್ಲ ಸಣ್ಣ ಜಗಳ. ದೊಡ್ಡದು ಇದ್ದದ್ದು ಪ್ಲೇಟಿನ ಎರಡನೇ ಪಕ್ಕದಲ್ಲಿ. ಅಲ್ಲಿ ಮಿಕ್ಕವರೆಲ್ಲ ಸುಮ್ಮನಾಗಿ ಡ್ರಮ್ಮಿನವನೊಬ್ಬನೇ ಬಾರಿಸುತ್ತಾ ಹೋಗುತ್ತಾನೆ. ಬಾರಿಸಿ ಬಾರಿಸಿ, ಇನ್ನೇನು ಡ್ರಮ್ಮು ಹರಿದೇ ಹೋಯಿತು ಅನ್ನುವಾಗ ಥಟ್ಟನೆ ನಿಲ್ಲಿಸಿಬಿಡುತ್ತಾನೆ. ಅಷ್ಟು ಸಾವಿರ ಜನವೂ ಉಸಿರು ಹಿಡಿದಿರುತ್ತದೆ. ಆ ನಿಶ್ಶಬ್ದದಲ್ಲಿ ಜನದ ನಡುವಿನಿಂದ ಯಾರೋ ಒಬ್ಬನ ಸದ್ದು ಬರುತ್ತದೆ. ಅದರ ಹಿಂದೆಯೇ ಡ್ರಮ್ಮು ಮತ್ತೆ ಒಂದಿಷ್ಟು ಭೋರ್ಗರೆದು, ಹಾಡುಗಾರ ಥ್ಯಾಂಕ್ಯೂ ಅಂದು, ಜನ ಹೋ ಎಂದು, ಪಕ್ಕ ಮುಗಿಯುತ್ತದೆ.

ಆ ಸದ್ದು ಸೀನೋ, ಕೆಮ್ಮೋ?

ಬ್ಯಾಂಕಿನವರು ಸೀನು ಎಂದರು. ಮೈದುನ ಕೆಮ್ಮು ಎಂದ. ನಾಲ್ಕು ದಿನದಲ್ಲಿ ಇದು ಪಕ್ಷವಾಯಿತು. ಸೀನಿದರೆ ಆ ಮನುಷ್ಯ ಮೈಮರೆತಿದ್ದ, ತಡೆಯಲಾಗಲಿಲ್ಲ, ಅದೇ ಸಂಗೀತದ ಶಕ್ತಿ ಎಂದು ಬ್ಯಾಂಕಿನವರು. ಕೆಮ್ಮಿದರೆ ಬೇಕೆಂದೇ ಕೆಮ್ಮಿದ್ದಾನೆ, ಸಾಕು ನಿಲ್ಲಿಸಯ್ಯಾ ಅಂತ ಡ್ರಮ್ಮಿನವನಿಗೆ ಸನ್ನೆ ಮಾಡಿದ್ದಾನೆ ಎಂದು ಮೈದುನ. ಮುಳ್ಳನ್ನು ಅಲ್ಲಿಗೇ ಇಟ್ಟು ಇಟ್ಟು ಕೇಳುವರು. ಎಷ್ಟು ಸಲ ಕೇಳಿದರೂ ಇಬ್ಬರಿಗೂ ತಮ್ಮ ತಮ್ಮದೇ ಕೇಳಿಸುತ್ತಿತ್ತು. ಮೇಷ್ಟ್ರನ್ನು ಕೇಳಿದರೆ, "ಅದೇನಾರ ಆಗ್ಲಿ, ಇಡೀ ಪ್ಲೇಟ್ನಾಗೆ ಶ್ರುತಿ ಸೇರಿರಾದು ಅದೊಂದೇ" ಎಂದುಬಿಟ್ಟರು.

"ನಿಮಗೆ ನೆಗಡಿ ಬಂದಾಗ ನೀವು ಏನ್ ಮಾಡ್ತೀರಿ? ಕೆಮ್ಮಿಬಿಟ್ಟು ಸೀನು ಅಂತೀರಾ?" ಎಂದು ಬ್ಯಾಂಕಿನವರು ಕೂಗಾಡಿದ್ದು ನೆನಪಿದೆ. ಅದಕ್ಕೆ ಮೈದುನ, "ನಾನು ದಿನಾ ಸೌಂಡು ಅಳೆಯೋನು ಕಣ್ರೀ. ನೀವು ಬ್ಯಾಂಕ್ನಾಗೆ ಸೀಲು ಒತ್ಕಂಡಿರೋರು" ಎಂದಿದ್ದ. ಆಮೇಲೆ ವಾರವಿಡೀ ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. "ಅತ್ಗೆ, ಬ್ಯಾಂಕ್ನೋರಿಗೆ ಕಾಫಿ ಬೇಕಾ ಕೇಳು." ಬ್ಯಾಂಕಿನವರು ಅಲ್ಲೇ, ಮಾರುದ್ದದಲ್ಲಿ ಕೂತಿರುತ್ತಿದ್ದರು.

ಇದೇ ಕಾಲಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ನನ್ನ ನಾದಿನಿ, ಅಂದರೆ ಮೈದುನನ ತಂಗಿಯ ಮದುವೆ. ಒಳ್ಳೆ ಹುಡುಗಿ, ಬಾಯಿ ಕಮ್ಮಿ, ಕೈ ಚುರುಕು. ಆದರೂ ಎರಡು ಸಂಬಂಧ ಬಾಗಿಲ ತನಕ ಬಂದು ತಿರುಗಿ ಹೋಗಿದ್ದವು. ಒಂದು ಸಲ ಹಲ್ಲಿ ಲೊಚಗುಟ್ಟಿತೆಂದು, ಇನ್ನೊಂದು ಸಲ ಗಂಡಿನವರು ಬರುವಾಗ ಎದುರಿಗೆ ಖಾಲಿ ಕೊಡ ಕಂಡಿತೆಂದು. ಈಗ ಮೂರನೆಯದು, ನಾಗಮಂಗಲದ ಕಡೆಯ ಹುಡುಗ, ಪಂಚಾಯ್ತಿ ಆಫೀಸಿನಲ್ಲಿ ಕೆಲಸ. ಹುಡುಗ ಬಂದು ನೋಡಿಕೊಂಡು ಹೋದ. ಅವತ್ತು ಸಂಜೆ ನಾದಿನಿ ಬಚ್ಚಲ ಒಲೆಗೆ ಸೌದೆ ಒಡ್ಡುತ್ತಾ ಸಣ್ಣಗೆ ನಗುತ್ತಿದ್ದದ್ದನ್ನು ನಾನು ಕಂಡೆ.

ಹುಡುಗನಿಗೆ ತಾಯಿಯಿಲ್ಲ. ಸಾಕಿದ್ದು ಅವನ ಸೋದರತ್ತೆ, ಸಂತೆಬಾಚಹಳ್ಳಿಗೆ ಕೊಟ್ಟವರು. ಇಡೀ ಸಂಬಂಧ ಆಕೆಯ ಕಿವಿಯ ಮೇಲೆ ನಿಂತಿತ್ತು. ಶಕುನ ಕೇಳುವುದರಲ್ಲಿ ಕೆ.ಆರ್. ಪೇಟೆ ತಾಲ್ಲೂಕಿಗೇ ಆಕೆಯ ಸಮ ಇಲ್ಲವೆಂದು ಹೇಳುತ್ತಿದ್ದರು. ಹಿಂದೆ ಒಂದು ಕಡೆ ಹೆಣ್ಣು ನೋಡಲು ಹೋಗಿ, ಬೆಕ್ಕು ಸೀನಿತು ಅಂತ ಇಟ್ಟ ಉಪ್ಪಿಟ್ಟನ್ನು ಬಿಟ್ಟು ಎದ್ದು ಬಂದಿದ್ದರಂತೆ. ನಮ್ಮಲ್ಲಿಗೆ ಬಂದಾಗಲೂ ಮಾತಿನ ನಡುವೆ ಕೈ ಎತ್ತಿ, "ಇರಿ, ಅದೇನದು ಸದ್ದು?" ಎಂದರು. ರೊಟ್ಟಿ ಹೆಂಚಿಗೆ ನೀರು ಬಿದ್ದ ಚುರ್ ಎಂಬ ಸದ್ದು. ಅದು ಶುಭವೋ ಅಶುಭವೋ ಎಂದು ಆಕೆ ಯೋಚಿಸಿ ಮುಗಿಸುವ ತನಕ ನಾವು ಯಾರೂ ಉಗುಳು ನುಂಗಲಿಲ್ಲ. ಕೊನೆಗೆ ತಲೆ ಆಡಿಸಿದರು. ನಿಶ್ಚಯವಾಯಿತು.

"ಅತ್ಗೆ, ಈ ಸಲ ಯಾರೂ ಸೀನ್ಬಾರ್ದು ಅಷ್ಟೆ" ಎಂದಳು ನಾದಿನಿ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ.

ಯಾರೂ ಸೀನದ ಹಾಗೆ ಮದುವೆ ಮಾಡುವುದೆಂದರೆ ಸುಲಭವಲ್ಲ. ಮಾವನವರ ನಶ್ಯದ ಡಬ್ಬಿಯನ್ನು ಅಕ್ಕಿಯ ವಾಡೆಯೊಳಗೆ ಹೂತಿಟ್ಟೆ. ಅವರು ಎರಡು ದಿನ ಮನೆಯವರನ್ನೆಲ್ಲ ಕಳ್ಳರ ಹಾಗೆ ನೋಡಿದರು. ಅಡಿಗೆಯವರಿಗೆ, ತಾಳಿ ಕಟ್ಟುವ ತನಕ ಮೆಣಸಿನಕಾಯಿ ಒಗ್ಗರಣೆ ಹಾಕಕೂಡದು ಎಂದು ಹೇಳಿದೆ. "ಒಗ್ಗರಣೆ ಇಲ್ದೆ ಸಾರು ಎಂಗವ್ವ? ಬೀಗ್ರು ಉಗೀತಾರೆ" ಎಂದು ಅವರು ಸೌಟು ಕೆಳಗಿಟ್ಟರು. ತಾಳಿ ಆದ ಮೇಲೆ ಹಾಕಿ ಎಂದು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ನೆಗಡಿಯಾಗಿದ್ದ ನೆಂಟರನ್ನು ಉಪಾಯವಾಗಿ ಹಿತ್ತಲ ಕಡೆಯ ಚಾಪೆಗೆ ಕಳಿಸಿದೆ. ಇಷ್ಟರ ಮೇಲೂ ಯಾರಾದರೂ ಸೀನಿದರೆ? ಅದಕ್ಕೇ ತಾನೇ ಗಟ್ಟಿಮೇಳ ಇರುವುದು. ತಾಳಿ ಕಟ್ಟುವಾಗ ಕೆಟ್ಟ ಸದ್ದೊಂದು ಕಿವಿಗೆ ಬೀಳದಿರಲಿ ಅಂತಲೇ ವಾಲಗ, ಡೋಲು ಎಲ್ಲ ಒಟ್ಟಿಗೆ ಜೋರಾಗಿ ಮೊಳಗುವುದು. ನಾನು ಧೈರ್ಯವಾಗಿದ್ದೆ. ಶ್ರೀರಂಗಪಟ್ಟಣದಿಂದ ಒಳ್ಳೆ ವಾಲಗದವರು ಬಂದಿದ್ದರು.

ಅವರನ್ನು ಓಡಿಸಿದ್ದು ನಮ್ಮ ಮೈದುನನೇ.

ಚಪ್ಪರದ ದಿನ ಸಂಜೆ ವಾಲಗದವರು ಕೂತು ಊದುತ್ತಿದ್ದರು. ಬೀಗರು ಬಂದಿಳಿಯುವ ಹೊತ್ತು. ಇವನಿಗೆ ತನ್ನ ಪ್ಲೇಟನ್ನು ನಾಗಮಂಗಲದವರಿಗೆ ಕೇಳಿಸುವ ಹುಕ್ಕಿ ಬಂತು. ಹಾರನ್ನಿನಲ್ಲಿ ಮೊದಲನೇ ಪಕ್ಕ ಹಾಕಿಬಿಟ್ಟ. ನಾಗಸ್ವರ ಅದರೊಳಗೆ ಮುಳುಗಿಹೋಯಿತು. ಕೆನ್ನೆ ಉಬ್ಬಿದ್ದಷ್ಟೇ ಕಾಣಿಸುತ್ತಿತ್ತು. ವಾಲಗದ ಹಿರಿಯರು ಎದ್ದು ಬಂದು, "ಗೌಡ್ರೇ, ಒಂದು ಚಪ್ಪರಕ್ಕೆ ಒಂದು ವಾಲ್ಗ. ಅದನ್ನ ಊದ್ಸಿ, ಇಲ್ಲ ನಮ್ಮನ್ನ ಊದ್ಸಿ" ಎಂದರು.

"ಒಂದು ಪಕ್ಕ ಕೇಳ್ಬುಡಿ ಸ್ವಾಮಿ. ನಿಮ್ಮ ಡೋಲ್ನೋರಿಗೂ ಒಂದಷ್ಟು ಇದ್ಯೆ ಬತ್ತದೆ" ಎಂದ ನಮ್ಮ ಜಾಣ.

ಹಿರಿಯರು ಊಟ ಮಾಡಿ ಮಲಗಿದರು. ಬೆಳಿಗ್ಗೆ ನಮ್ಮತ್ತೆ ಕಾಫಿ ತೆಗೆದುಕೊಂಡು ಹೋದರೆ ಅವರ ಚಾಪೆಗಳು ಸುತ್ತಿಟ್ಟಿದ್ದವು. ಮೊದಲ ಬಸ್ಸಿನ ಟಾಪಿನ ಮೇಲೆ ಡೋಲು ಹೋದದ್ದನ್ನು ಎಣ್ಣೆ ಅಂಗಡಿಯವರು ಕಂಡಿದ್ದರು.

"ಓಗ್ಬುಟ್ಟವ್ರೆ ಕಣೇ!" ಎಂದು ಅತ್ತೆ ತಂಬಿಗೆ ಕೆಳಗಿಟ್ಟು ಅಲ್ಲೇ ಕೂತರು.

ಲಗ್ನಕ್ಕೆ ಹೆಚ್ಚು ಹೊತ್ತಿರಲಿಲ್ಲ. ಒಳಗೆ ನಾದಿನಿಗೆ ಮೊಗ್ಗಿನ ಜಡೆ ಹಾಕುತ್ತಿದ್ದರು. ಹೊರಗೆ ನಾವು ಐದು ಜನ ಮೈಕಿನ ಮೇಜಿನ ಹತ್ತಿರ ನಿಂತು ಪಿಸುಗುಟ್ಟಿದೆವು. ದೇವಸ್ಥಾನದ ಜಾಗಟೆ ತರಿಸೋಣವೆಂದೆ. "ಜಾಗ್ಟೆ ಬಡುದ್ರೆ ಎಣ ಎತ್ದಂಗಾಯ್ತದೆ" ಎಂದು ಅತ್ತೆ ಬಾಯಿ ಮುಚ್ಚಿಸಿದರು. ಮೇಷ್ಟ್ರು ತಮ್ಮ ಹಾರ್ಮೋನಿಯಂ ತೋರಿಸಿದರು. ಅದು ಗಟ್ಟಿಯೂ ಅಲ್ಲ, ಮೇಳವೂ ಅಲ್ಲ. ವಾಲಗದ ಪ್ಲೇಟಾದರೂ ಹಾಕು ಎಂದರೆ ಮೈದುನ ತಲೆ ಕೆರೆದುಕೊಂಡ. ಅವನಲ್ಲಿದ್ದ ಒಂದೇ ವಾಲಗದ ಪ್ಲೇಟು ಬಿಸಿಲಲ್ಲಿ ಬಿದ್ದಿದ್ದು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಪೆಟ್ಟಿಗೆಯೊಳಗೆ, ಬಟ್ಟೆ ಸುತ್ತಿಸಿಕೊಂಡು, ನೆರಳಲ್ಲಿ ತಣ್ಣಗೆ ಮಲಗಿದ್ದದ್ದು ಇಂಗ್ಲಿಷ್ ಪ್ಲೇಟು.

"ಎರಡನೇ ಪಕ್ಕ ಹಾಕ್ತೀನಿ. ಆ ಡ್ರಮ್ಮಿಗಿಂತ ಗಟ್ಟಿಮೇಳ ಬೇಕಾ?" ಎಂದ.

ಬ್ಯಾಂಕಿನವರ ಮುಖ ಬಿಳಿಚಿತು. "ರೀ, ಅದರಲ್ಲಿ ಸೀನಿದೆ!"

"ಸೀನಲ್ಲ, ಕೆಮ್ಮು. ಕೆಮ್ಮು ಅಪಶಕುನ ಅಲ್ಲ."

"ಸೀನು!"

"ಕೆಮ್ಮು ಕಣ್ರೀ!"

"ನಿಮ್ಮ ಕಾಲಿಗೆ ಬೀಳ್ತೀನಿ, ಮೆತ್ತಗೆ" ಎಂದೆ ನಾನು. ಸಂತೆಬಾಚಹಳ್ಳಿಯ ಸೋದರತ್ತೆ ಹಸೆಮಣೆಯ ಹತ್ತಿರದ ಕುರ್ಚಿಯಲ್ಲಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಆಗಲೇ ಕೂತುಬಿಟ್ಟಿದ್ದರು. "ನೋಡಪ್ಪ, ಆ ಸದ್ದು ಬರೋದಕ್ಕೆ ಮುಂಚೆ ಮೂರು ಗಂಟೂ ಮುಗೀತದಾ?"

"ಮುಗೀದೆ ಏನತ್ಗೆ? ಡ್ರಮ್ಮು ಸುಮಾರು ಹೊತ್ತು ಬಾರುಸ್ತಾನೆ. ಅಷ್ಟರಲ್ಲಿ ಮೂರಲ್ಲ, ಹಗ್ಗ ಹೊಸೀಬೋದು."

"ಆ ಸದ್ದಾದ ಮೇಲಿಂದ ಹಾಕಬಾರದಾ?"

"ಅದಾದ್ಮೇಲೆ ಇನ್ನೆಷ್ಟದೆ? ಎಲ್ಡು ಗಂಟಿಗೇ ಸಾಲಾಕಿಲ್ಲ, ಥ್ಯಾಂಕ್ಯೂ ಅಂದ್ಬುಡ್ತಾನೆ." ಮತ್ತೆ ಬ್ಯಾಂಕಿನವರ ಕಡೆ ತಿರುಗಿ, "ಬಂದ್ರೂ ಕೆಮ್ಮು ತಾನೇ" ಎಂದ. ಅವನಿಗೆ ತನ್ನ ಅಭಿಪ್ರಾಯದಲ್ಲಿ ಅಷ್ಟು ನಂಬಿಕೆ. ತಂಗಿಯನ್ನೇ ಅದರ ಮೇಲೆ ಕೂರಿಸಿಬಿಟ್ಟ.

ಮಂತ್ರ ಹೇಳುತ್ತಿದ್ದ ಐನೋರು ಕೈ ಎತ್ತಿ "ಗಟ್ಟಿಮೇಳ" ಎಂದರು. ಮೈದುನ ಮುಳ್ಳಿಟ್ಟ. ತೆಂಗಿನ ಮರದ ಮೇಲಿನಿಂದ ಡ್ರಮ್ಮು ಉರುಳಿಕೊಂಡು ಬಂತು ನೋಡಿ, ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಚಪ್ಪರದ ಸೋಗೆ ಅದುರಿತು. ಬೀಗರು ಒಂದು ಗಳಿಗೆ ಬೆಚ್ಚಿ, ವಾಲಗದವರೆಲ್ಲಿ ಎಂದು ಸುತ್ತ ನೋಡಿ, ಆಮೇಲೆ ಜೋರಾಗಿದೆಯಲ್ಲ ಬಿಡು ಎಂದು ಅಕ್ಷತೆ ಕೈಗೆ ತೆಗೆದುಕೊಂಡರು. ಹುಡುಗ ತಾಳಿ ಎತ್ತಿದ. ಅದೇ ಹೊತ್ತಿಗೆ ಪ್ಲೇಟಿನೊಳಗಿನ ಜನ ಹೋ ಎಂದರು. ಅವನು ಗಾಬರಿಯಾಗಿ ತಾಳಿ ಇಳಿಸಿ, ಮತ್ತೆ ಎತ್ತಿದ. ಸೋದರತ್ತೆಯ ಮುಖ ನೋಡಿದೆ. ಸಮಾಧಾನವಾಗಿತ್ತು.

ಒಂದು ಗಂಟು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಅರಿಸಿನದ ದಾರ ಮೊಗ್ಗಿನ ಜಡೆಗೆ ಸಿಕ್ಕಿಕೊಂಡಿತು. ಪಂಚಾಯ್ತಿ ಆಫೀಸಿನಲ್ಲಿ ಎಷ್ಟು ಕಡತದ ದಾರ ಬಿಚ್ಚಿ ಕಟ್ಟಿದ ಕೈಯೋ, ಇಲ್ಲಿ ಒಂದು ಸಿಕ್ಕು ಬಿಡಿಸಲಾರದೆ ಹೋಯಿತು. ಎಳೆದರೆ ಮೊಗ್ಗು ಉದುರುತ್ತಿತ್ತು. ನಾನು ಬಗ್ಗಿ ಬಿಡಿಸಲು ಕೈ ಹಾಕಿದೆ. ದಾರ ಈಚೆ ಬಂತು. ಡ್ರಮ್ಮು ನಿಂತಿತು.

ಚಪ್ಪರದಲ್ಲಿ ಅಷ್ಟು ನಿಶ್ಶಬ್ದ ನಾನು ಯಾವ ಮದುವೆಯಲ್ಲೂ ಕಂಡಿಲ್ಲ. ಆಮೇಲೆ ಅದು ಬಂತು. ಅಂಗಡಿಯ ಕೋಣೆಯಲ್ಲಿ ಇರುವೆಯ ಹಾಗೆ ಕೇಳಿಸುತ್ತಿದ್ದ ಸದ್ದು ಹಾರನ್ನಿನಲ್ಲಿ ಆನೆಯಾಗಿ, ಪೇಟೆ ಬೀದಿ ದಾಟಿ, ನಾಲೆ ಏರಿಯ ತನಕ ಹೋಯಿತು.

ಸೋದರತ್ತೆ ಕೈ ಎತ್ತಿದರು. ಮೈದುನ ಮುಳ್ಳು ತೆಗೆದ.

"ಅದ್ಯಾರ್ಲಾ ಸೀನ್ದೋನು?"

ಹುಡುಗನ ಬೆರಳಲ್ಲಿ ದಾರದ ಎರಡು ತುದಿಗಳಿದ್ದವು. "ಕಟ್ಬ್ಯಾಡ ಮಗ, ತಡಿ. ಒಂಟಿ ಸೀನು" ಎಂದರು ಆಕೆ.

ಮೈದುನನ ಮುಂದೆ ಮೈಕಿತ್ತು. ಅದರಲ್ಲೇ ಮಾತಾಡಿದ. "ದೊಡ್ಡವ್ವಾ, ಅದು ಸೀನಲ್ಲ, ಕೆಮ್ಮು."

"ಸೀನೇ!" ಎಂದು ಬ್ಯಾಂಕಿನವರು ಹಿಂದಿನಿಂದ ಕೂಗಿಬಿಟ್ಟರು. ಪಾಪ, ಬೇಕೆಂದಲ್ಲ. ಅಭ್ಯಾಸ. ಕೂಗಿದ ಮೇಲೆ ತಾವೇ ಬಾಯಿಗೆ ಟವಲು ತುರುಕಿಕೊಂಡರು.

ಸೋದರತ್ತೆ ಮೈಕಿನ ಕಡೆ ತಿರುಗಿದರು. "ಏನ್ಲಾ ಕೂಸೇ, ಸೀನಿನ ಇಚಾರ ನಂಗೆ ಯೇಳ್ಕೊಡ್ತೀಯಾ? ದನದ ಸೀನು, ನಾಯಿ ಸೀನು, ಬಸ್ಸಿನ ಡ್ರೈವರ್ನ ಸೀನು, ಎಲ್ಲಾ ಗೊತ್ತು ನಂಗೆ. ಸೀನ್ದೋನು ಎಲ್ಲವ್ನೆ? ಕರೀರಿ ಈಚ್ಗೆ."

"ಅವನು ಸೀಮೇಲವ್ನೆ ದೊಡ್ಡವ್ವಾ. ಪ್ಲೇಟ್ನಾಗವ್ನೆ."

"ಎಲ್ಲಾರ ಇರ್ಲಿ. ಒಂಟಿ ಸೀನು ಒಂಟಿ ಸೀನೇ. ಇನ್ನೊಂದು ದಪ ಸೀನ್ಸಿ ಅವನ್ನ. ಜೋಡಿಯಾದ್ರೆ ಶುಭ. ಇಲ್ದಿದ್ರೆ ಗಂಟು ಬ್ಯಾಡ, ಇನ್ನೊಂದು ಲಗ್ನ ನೋಡಾನ."

ಇನ್ನೊಂದು ಲಗ್ನ ಎಂದರೆ ಏನೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು. ಎರಡು ಗಂಟಿನ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡು ಕಾಯುವುದು. ನಾದಿನಿ ತಲೆ ತಗ್ಗಿಸಿಯೇ ಇದ್ದಳು.

ನಾನು ಮೈದುನನ ಹತ್ತಿರ ಹೋಗಿ, ಮೈಕಿಗೆ ಸೆರಗು ಅಡ್ಡ ಹಿಡಿದು, "ಅದನ್ನೇ ಇನ್ನೊಂದು ಸಲ ಹಾಕು" ಎಂದೆ.

ಅವನು ನನ್ನನ್ನೇ ನೋಡಿದ. "ಹಾಕಿದ್ರೆ ಅದು ಸೀನು ಅಂತ ಒಪ್ಕಂಡಂಗಾಯ್ತದಲ್ಲ ಅತ್ಗೆ?"

ನಂಬುತ್ತೀರೋ ಇಲ್ಲವೋ, ಹೀಗೇ ಕೇಳಿದ. ಹಸೆಮಣೆಯ ಮೇಲೆ ತಂಗಿ, ಮೂರನೇ ಗಂಟು ಗಾಳಿಯಲ್ಲಿ, ಇವನಿಗೆ ಬ್ಯಾಂಕಿನವರ ಮುಂದೆ ತಲೆ ತಗ್ಗುವ ಚಿಂತೆ. ನಾನು ಏನೋ ಅನ್ನುವವಳಿದ್ದೆ. ಅಷ್ಟರಲ್ಲಿ ನಾದಿನಿ ತಲೆ ಎತ್ತಿ ಅಣ್ಣನ ಕಡೆ ಒಂದು ಸಲ ನೋಡಿದಳು. ಅಳಲಿಲ್ಲ, ಕೈ ಮುಗಿಯಲಿಲ್ಲ. ಸುಮ್ಮನೆ ನೋಡಿದಳು.

ಅವನು ಮುಳ್ಳು ಎತ್ತಿದ. ಮೊದಲು ಚಪ್ಪಾಳೆಯ ಮೇಲೆ ಬಿತ್ತು. ಎತ್ತಿ ಇಟ್ಟರೆ ಡ್ರಮ್ಮಿನ ನಡುವೆ ಬಿತ್ತು. ದಿನಾ ಕಣ್ಣು ಮುಚ್ಚಿಕೊಂಡು ಇಡುತ್ತಿದ್ದ ಜಾಗ ಅವತ್ತು ಅವನಿಗೆ ಸಿಗಲೊಲ್ಲದು. ಡ್ರಮ್ಮು ನಡೆಯಲಿ ಬಿಡು ಎಂದು ಮೇಷ್ಟ್ರು ಕೈ ಹಿಡಿದರು. ಬಾರಿಸಿತು, ಬಾರಿಸಿತು. ಎಲ್ಲರೂ ಕಾದರು. ಸೀನಿಗಾಗಿ ಕಾದ ಮದುವೆಮನೆಯನ್ನು ನಾನು ಅದೊಂದೇ ಕಂಡದ್ದು. ನಿಂತಿತು. ಬಂತು.

"ಜೋಡಿ!" ಎಂದು ಸೋದರತ್ತೆ ಎರಡು ಬೆರಳು ಎತ್ತಿದರು. ಮೈದುನ ಮುಳ್ಳು ಎತ್ತಿ ಹಿಡಿದ.

ಐನೋರು ಸಣ್ಣ ದನಿಯಲ್ಲಿ, "ಅದೇ ಸೀನು ತಾನೇ ತಾಯಿ, ಎರಡು ಸಲ?" ಎಂದರು.

"ಒಬ್ನೇ ಎಲ್ಡು ಸೀನ್ದ್ರೇ ಜೋಡಿ ಆಗಾದು. ಇಬ್ರು ಒಂದೊಂದು ಸೀನಿದ್ರೆ ಎಲ್ಡು ಒಂಟಿ. ಇದು ಅವನ್ದೇ ಮೂಗು. ಕಟ್ಲಾ ಮಗ!"

ಮೈದುನ ಮುಳ್ಳು ಬಿಟ್ಟ; ಡ್ರಮ್ಮು ಮತ್ತೆ ಭೋರ್ಗರೆಯುತ್ತಿದ್ದ ಹೊತ್ತಿಗೆ ಗಂಟು ಬಿತ್ತು. ಹಾಡುಗಾರ ಥ್ಯಾಂಕ್ಯೂ ಎಂದ. ಸಾವಿರಾರು ಜನ ಕೂಗಿದರು. ನಮ್ಮವರ ಅಕ್ಷತೆ ಬಿತ್ತು. ಸೋದರತ್ತೆ ಅಷ್ಟಕ್ಕೇ ಬಿಡಲಿಲ್ಲ. ಮೈಕಿನ ಕಡೆ ಬೆರಳು ಮಾಡಿ, "ಈಗೇಳು ಮಗ, ಸೀನೋ ಕೆಮ್ಮೋ?" ಎಂದರು.

ಮೈದುನ ಮೈಕಿನಲ್ಲಿ, ಇಡೀ ಪಾಂಡವಪುರಕ್ಕೆ ಕೇಳುವ ಹಾಗೆ, "ಸೀನು" ಎಂದ.

ಆಮೇಲೆ ಒಗ್ಗರಣೆ ಬಿತ್ತು. ಅದರ ಘಾಟಿಗೆ ಚಪ್ಪರದ ಅರ್ಧ ಜನ ಸೀನಿದರು, ಯಾರೂ ಕೇಳುವವರಿಲ್ಲ. ಊಟದ ಪಂಕ್ತಿಯಲ್ಲಿ ಆ ಪ್ಲೇಟಿನ ಬಗ್ಗೆ ನಾಗಮಂಗಲದವರ ಅಭಿಪ್ರಾಯ ಎಲೆಯಿಂದ ಎಲೆಗೆ ಹರಿಯಿತು. ಗಟ್ಟಿಮೇಳ ಪರವಾಗಿಲ್ಲ, ಆದರೆ ನಾಗಸ್ವರದವನಿಗೆ ಉಸಿರಿಲ್ಲ ಎಂದರು ಒಬ್ಬರು. ಡೋಲಿನವನಿಗೆ ಕೂಲಿ ಜಾಸ್ತಿ ಕೊಡಬೇಕು ಎಂದರು ಇನ್ನೊಬ್ಬರು. ಸೋದರತ್ತೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಜನ ಶಿಸ್ತಾಗಿ ಕೂಗುತ್ತಾರೆ, ನಮ್ಮೂರವರಿಗಿಂತ ವಾಸಿ ಎಂದು ಹೇಳಿದರು. ಮುಂದೆ ಅನೇಕ ವರ್ಷ ಆಕೆ ಸಂತೆಗೆ ಬಂದವರಿಗೆಲ್ಲ, "ನಮ್ಮ ಸೊಸೆ ತಾಳಿ ಒತ್ಗೆ ಸೀಮೆ ದೊರೆ ಜೋಡಿ ಸೀನು ಸೀನ್ದ" ಎಂದು ಹೇಳಿಕೊಂಡು ತಿರುಗಿದರೆಂದು ನಾದಿನಿ ಹಬ್ಬಕ್ಕೆ ಬಂದಾಗಲೆಲ್ಲ ಹೇಳಿ ನಗುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ಯಾರೂ ಗಟ್ಟಿಯಾಗಿ ಒಂದು ಮಾತು ಅಂದದ್ದಿಲ್ಲ.

ಹೆಣ್ಣು ಒಪ್ಪಿಸಿ, ಬೀಗರ ಬಸ್ಸು ಹೊರಟ ಮೇಲೆ ಮೈದುನ ಅಂಗಡಿಯ ಮೆಟ್ಟಿಲ ಮೇಲೆ ವೈರು ಸುತ್ತುತ್ತಾ ಕೂತಿದ್ದ. ಬ್ಯಾಂಕಿನವರು ಬಂದು ಪಕ್ಕದಲ್ಲಿ ಕೂತರು. ಗೆದ್ದವರು ಸುಮ್ಮನಿರಬಹುದಿತ್ತು. ಆದರೆ ಅವರೂ ಮನುಷ್ಯರಲ್ಲವೇ, ಮನಸ್ಸು ಕರಗಿತ್ತು.

"ನೋಡಿ, ನಿಮಗೆ ಹೇಳಬೇಕು ಅನ್ನಿಸ್ತು. ಎರಡನೇ ಸಲ ಹಾರನ್ನಲ್ಲಿ ಕೇಳಿದೆನಲ್ಲ, ಆಗ ನನಗೇ ಅನುಮಾನ ಬಂತು. ಕೊನೇಲಿ ಒಂದು ಗಂಟಲ ಎಳೆತ ಇದೆ. ನೀವು ಹೇಳಿದ್ದೇ ಸರಿ ಇರಬೇಕು. ಅದು ಕೆಮ್ಮೇ."

ಮೈದುನ ವೈರನ್ನು ಕೆಳಗೆ ಬಿಸಾಕಿ ಎದ್ದುನಿಂತ. "ಬ್ಯಾಂಕ್ನೋರೇ, ನನ್ ತಂಗಿ ಮೂರ್ನೇ ಗಂಟು ನಿಂತಿರಾದೇ ಅದ್ರ ಮ್ಯಾಲೆ. ಇನ್ನೊಂದು ದಪ ಕೆಮ್ಮು ಗಿಮ್ಮು ಅಂದ್ರೆ ನೋಡಿ!"

"ಅಲ್ರೀ, ಗಂಟಲು..."

"ಸೀನು!"

"ನೀವೇ ಅಷ್ಟು ದಿನ..."

"ಸೀನು ಅಂದ್ರೆ ಸೀನು ಕಣ್ರೀ!"

ನಾನು ಇಬ್ಬರಿಗೂ ಕಾಫಿ ತಂದಿಟ್ಟು, ಉಳಿದ ಹೋಳಿಗೆ ಎತ್ತಿಡಲು ಒಳಗೆ ಹೋದೆ.